ಬಾಗಿಲಾಚೆ ನಿಂತ ಮೇಜು

ಗುರುವಾರ, ಬೆಳಗಿನ ಹೊತ್ತು

ಪ್ರೀತಿಯ ಮಗಳಿಗೆ,

ಮಾವನ ಆಶೀರ್ವಾದಗಳು. ನಾನು ಕ್ಷೇಮ. ಮೊಣಕಾಲು ಮಾತ್ರ ಹವೆ ಬದಲಾದಾಗಲೆಲ್ಲ ನನಗಿಂತ ಮೊದಲೇ ಎಚ್ಚರಗೊಳ್ಳುತ್ತದೆ. ಮುಂಜಾನೆಯ ಪಾಳಿಯಲ್ಲಿ ಬಸ್ಸು ನಡೆಸುವ ನೀನು ಕೋಟಿನ ಮೇಲಿನ ಗುಂಡಿಯವರೆಗೂ ಹಾಕಿಕೊಳ್ಳುತ್ತಿರುವೆ ಎಂದು ನಂಬಿದ್ದೇನೆ. ಆ ಕೊರಳಪಟ್ಟಿಯನ್ನು ನಾನು ಹೊಲಿದದ್ದು ಗಾಳಿ ತಡೆಯಲೆಂದೇ ಹೊರತು ಅಲಂಕಾರಕ್ಕಲ್ಲ.

‘ಮಗಳಿಗೆ’ ಎಂದು ಯೋಚಿಸಿಯೇ ಬರೆದಿದ್ದೇನೆ. ‘ಸೊಸೆಗೆ’ ಎಂದು ಬರೆದರೆ ವಿಚ್ಛೇದನದ ಆದೇಶಕ್ಕೆ ವಿರುದ್ಧವಾದೀತು. ಬರಿಯ ಹೆಸರನ್ನು ಬರೆದರೆ ನನ್ನ ಕೈಗೆ ವಿರುದ್ಧವಾದೀತು. ಈ ಇಕ್ಕಟ್ಟಿನಲ್ಲಿ ಮೂರು ಹಾಳೆ ಹರಿದ ಮೇಲೆ ಉಳಿದ ಪದ ಇದು. ನಿನಗೆ ಒಪ್ಪಿಗೆಯಾದೀತೆಂದು ಭಾವಿಸಿದ್ದೇನೆ.

ಮಂಗಳವಾರ ನಮ್ಮ ಬೇಕರಿಯವನು ನಿನ್ನ ಬಸ್ಸು ಹತ್ತಿದನಂತೆ. “ಡ್ರೈವರಮ್ಮಾ, ಶನಿವಾರ ಬರ್ತೀಯಲ್ಲ?” ಎಂದು ಕೇಳಿದನಂತೆ. ನೀನು ಕನ್ನಡಿಯಲ್ಲೇ ಅವನ ಮುಖ ನೋಡಿ, “ಯಾವ ಮುಖ ಇಟ್ಕೊಂಡು ಬರ್ಲಿ, ಅಣ್ಣ? ಕೋರ್ಟಲ್ಲಿ ಎಲ್ಲಾ ಮುಗೀತಲ್ಲ. ಇನ್ನು ಅವರನ್ನ ಮಾವ ಅಂತ ಕರೀಬೇಕೋ ಬೇಡ್ವೋ, ಅದೂ ಗೊತ್ತಾಗ್ತಿಲ್ಲ” ಎಂದೆಯಂತೆ. ಈ ಮಾತಿಗೆ ತಕ್ಕ ಉತ್ತರ ಹುಡುಕುತ್ತ ಅವನು ತನ್ನ ನಿಲ್ದಾಣವನ್ನು ದಾಟಿ, ಡಿಪೋವರೆಗೂ ಬಂದು, ಹಿಟ್ಟಿನ ಚೀಲವನ್ನು ಹೆಗಲಿಗೇರಿಸಿಕೊಂಡು ನಡೆದೇ ಹಿಂದಿರುಗಿದ. ಚೀಲವನ್ನು ತನ್ನ ಅಂಗಡಿಯಲ್ಲಿ ಇಳಿಸಿ, ಪ್ರಶ್ನೆಯನ್ನು ನನ್ನ ಮನೆಯಲ್ಲಿ ಇಳಿಸಿ ಹೋದ.

ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು ಮೇಜಿನ ವಿಷಯವನ್ನು ಹೇಳಬೇಕು. ನೀನು ಬರುವುದಿಲ್ಲವೆಂದು ನಿರ್ಧರಿಸುವುದಾದರೂ ನಾವು ಇಲ್ಲಿ ಪಟ್ಟ ಪಾಡನ್ನು ತಿಳಿದೇ ನಿರ್ಧರಿಸುವುದು ನ್ಯಾಯ.

ನೀನು ಮನೆ ಬಿಟ್ಟ ದಿನ ಅಡುಗೆಮನೆಯ ಮೇಜು ನಿನ್ನೊಡನೆ ಹೋಯಿತು. ಹೋಗಲೇಬೇಕೆಂದು ಹಟ ಹಿಡಿದವನು ನಾನೇ. ಅದು ನಿನ್ನ ತಾಯಿಯ ಮೇಜು. ಅದು ಹೋದ ಮೇಲೆಯೇ ಶನಿವಾರದ ಪೋಕರ್ ಆಟಕ್ಕೆ ನಮಗೆ ಬೇರೆ ಮೇಜಿಲ್ಲವೆಂಬುದು ಅರಿವಾದದ್ದು. ನನ್ನ ಬಟ್ಟೆ ಕತ್ತರಿಸುವ ಮೇಜನ್ನು, ನಿನಗೆ ನೆನಪಿರಬಹುದು, ಹೊಲಿಗೆಯಂಗಡಿಯೊಡನೆಯೇ ಬಿಟ್ಟುಕೊಟ್ಟಿದ್ದೆ. ಇದ್ದಿದ್ದರೂ ಅದು ನಿಂತು ಕೆಲಸ ಮಾಡುವವರ ಮೇಜು. ನಿಂತುಕೊಂಡು ಇಸ್ಪೀಟಾಡುವವರು ಪೊಲೀಸರು ಬಂದಾರೆಂಬ ಭಯದಲ್ಲಿರುವವರ ಹಾಗೆ ಕಾಣುತ್ತಾರೆ.

ಮೊದಲ ಶನಿವಾರ ಮಂಚದ ಮೇಲೆ ಆಡಿದೆವು. ಬೇಕರಿಯವನು ಕುಳಿತ ಕೂಡಲೇ ಹಾಸಿಗೆ ಅವನತ್ತ ಇಳಿಜಾರಾಯಿತು. ಹಣದ ಬದಲು ನಾವು ಪಣಕ್ಕಿಡುವ ಗುಂಡಿಗಳು, ಅಂಗಿಯವೂ ಕೋಟಿನವೂ ಹಿತ್ತಾಳೆಯವೂ, ಒಂದೊಂದಾಗಿ ಉರುಳಿ ಅವನ ಮಡಿಲು ಸೇರಿದವು. “ನೋಡಿ, ನಾನು ಕೈಯೇ ಹಾಕಿಲ್ಲ, ಅವೇ ಬಂದ್ವು. ಲಕ್ಷ್ಮಿ ಅಂದ್ರೆ ಇದೇ ಕಣ್ರೀ” ಎಂದ. ಮೇಲಂತಸ್ತಿನ ದಂತವೈದ್ಯೆ ತನ್ನ ಉದ್ದನೆಯ ಕಾಲುಗಳನ್ನು ಎಲ್ಲಿ ಮಡಚುವುದೆಂದು ತಿಳಿಯದೆ, “ಮಾಸ್ಟ್ರೇ, ಹಲ್ಲು ಕೀಳಿಸ್ಕೊಳ್ಳೋರಿಗೂ ನಾನು ಇದಕ್ಕಿಂತ ಒಳ್ಳೇ ಕುರ್ಚಿ ಕೊಡ್ತೀನಿ” ಎಂದು ಎದ್ದು ಹೋದಳು. ಮುಂದಿನ ವಾರ ಇಸ್ತ್ರಿಯ ಹಲಗೆ. ಅದರ ಮೇಲೆ ಎಲೆ ಹಂಚಿದವರು ಹಂಚುತ್ತಲೇ ಇದ್ದರು, ಎತ್ತಿಕೊಳ್ಳುವವರು ನೆಲದಿಂದ ಎತ್ತಿಕೊಂಡರು. ಆ ಬಳಿಕ ಆಟ ನಿಂತಿತು.

ನಿಂತದ್ದು ಮೇಜಿಲ್ಲದ್ದರಿಂದ ಎಂದು ನಾವು ಮೂವರೂ ಒಬ್ಬರಿಗೊಬ್ಬರು ಹೇಳಿಕೊಂಡೆವು. ನಾನು ನಾಲ್ಕು ಕೈ ಹಂಚಿಕೊಂಡು ಒಬ್ಬನೇ ಆಡಿಯೂ ನೋಡಿದೆ. ಕೈಯಲ್ಲಿಲ್ಲದ ಎಲೆ ಇದೆಯೆಂದು ಎದುರಿನವರನ್ನು ನಂಬಿಸುವ ಪೋಕರ್ ಏಕಾಂತದ ಆಟವಲ್ಲ. ನನ್ನ ಸುಳ್ಳೆಲ್ಲ ನನಗೆ ಮೊದಲೇ ಗೊತ್ತಿರುತ್ತಿತ್ತು.

ನಿನ್ನ ಅತ್ತೆ ತೀರಿಕೊಂಡ ಚಳಿಗಾಲದಲ್ಲಿ ನಾನು ಊಟ ಬಿಟ್ಟು ಗೋಡೆ ನೋಡುತ್ತ ಕುಳಿತಿರುತ್ತಿದ್ದೆ. ಡಿಪೋದಲ್ಲಿ ಪಾಳಿಗಳ ನಡುವೆ ಕಲಿತ ಆಟವನ್ನು ನೀನು ಮನೆಗೆ ತಂದದ್ದು ಆಗ. ಮದುವೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ನನ್ನೆದುರು ದನಿಯೆತ್ತಿ ಮಾತಾಡಿದವಳೂ ಅಲ್ಲ. ಎಲೆಗಳ ಕಟ್ಟನ್ನು ನನ್ನ ಮುಂದಿಟ್ಟು, “ಮಾವ, ಆ ಗೋಡೆ ಏನೂ ಹೇಳಲ್ಲ. ಇದಾದ್ರೆ ಸುಳ್ಳಾದ್ರೂ ಹೇಳತ್ತೆ, ಬನ್ನಿ” ಎಂದೆ. ಬಂದೆ. ಅಂದು ಸೋತೆ, ಅನಂತರವೂ ಸೋಲುತ್ತಲೇ ಇದ್ದೆ, ಆದರೆ ಹಸಿವಾಗತೊಡಗಿತು. ಇದನ್ನು ನಾನು ನಿನಗೆ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಬಾಯಿಬಿಟ್ಟು ಹೇಳುವುದು ನಮ್ಮ ಮನೆತನದಲ್ಲಿ ಇಲ್ಲ. ಅದರ ಫಲವನ್ನು ನೀನೂ ನನ್ನ ಮಗನೂ ಉಂಡಿದ್ದೀರಿ.

ಇರಲಿ. ಮೇಜು ಕೊಳ್ಳುವುದೆಂದಾಯಿತು.

ಪೀಠೋಪಕರಣಗಳ ದೊಡ್ಡ ಅಂಗಡಿಗೆ ಮೂವರೂ ಹೋದೆವು. ಪೋಕರಿಗೆಂದೇ ಮಾಡಿದ ಮೇಜೊಂದು ಅಲ್ಲಿತ್ತು. ಎಂಟು ಮೂಲೆ, ಹಸಿರು ಬಟ್ಟೆ, ಲೋಟವಿಡಲು ಪ್ಲಾಸ್ಟಿಕ್ಕಿನ ಗುಳಿಗಳು, ಮಡಚುವ ಕಾಲುಗಳು. ಮಾರುವ ತರುಣ ಬಹಳ ಉತ್ಸಾಹಿ. “ಕ್ಯಾಸಿನೋದಲ್ಲಿ ಕೂತ ಹಾಗೇ ಅನ್ಸತ್ತೆ ಸಾರ್” ಎಂದ. ನಾನು ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ನೋಡಿದೆ. ಅದು ಬಟ್ಟೆಯಲ್ಲ, ಬಟ್ಟೆಯ ವದಂತಿ. ಅಷ್ಟರಲ್ಲಿ ಬೇಕರಿಯವನು ಎರಡೂ ಮೊಣಕೈಗಳನ್ನು ಮೇಜಿನ ಮೇಲೂರಿ ನಿಟ್ಟುಸಿರುಬಿಟ್ಟ. ಒಂದು ಕಾಲು ಮಡಚಿಕೊಂಡಿತು. ಮೇಜು ಮಂಡಿಯೂರಿ ಅವನಿಗೆ ನಮಸ್ಕರಿಸಿತು. “ಇದಕ್ಕೆ ನನ್ನ ಮೇಲೆ ಗೌರವ ಇದೆ, ಆದ್ರೆ ನಂಬ್ಕೆ ಇಲ್ಲ” ಎಂದ. ಅಂಗಡಿಯಿಂದ ಹೊರಬಂದೆವು.

ಆದ್ದರಿಂದ ಬಡಗಿಯಿಂದ ಮಾಡಿಸುವುದೆಂದು ತೀರ್ಮಾನಿಸಿದೆವು. ಆಕಾರದ ಬಗ್ಗೆ ಚರ್ಚೆಯೆದ್ದಿತು. ಅಂಡಾಕಾರದ್ದು ನೋಡಲು ಘನವಾಗಿರುತ್ತದೆಂದು ದಂತವೈದ್ಯೆ. ಆದರೆ ಅದರಲ್ಲಿ ತುದಿಯವರಿಗೆ ತಾವೇ ಯಜಮಾನರೆಂಬ ಭ್ರಮೆ ಹುಟ್ಟುತ್ತದೆಂದು ಬೇಕರಿಯವನು. ನಾನು ವೃತ್ತದ ಪಕ್ಷ. ವೃತ್ತದಲ್ಲಿ ಯಾರೂ ಹಿರಿಯರಲ್ಲ, ಯಾರೂ ಮೂಲೆಪಾಲಾಗುವುದಿಲ್ಲ. ಹೊಸದಾಗಿ ಬಂದವರೂ ಮರಳಿ ಬಂದವರೂ ಎಲ್ಲಿ ಕೂರಲೆಂದು ಹಿಂಜರಿಯಬೇಕಾಗಿಲ್ಲ.

ಬಟ್ಟೆಯ ಆಯ್ಕೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಮನೆಯಲ್ಲಿದ್ದ ತುಂಡುಗಳನ್ನೆಲ್ಲ ನೆಲದ ಮೇಲೆ ಹಾಸಿ ಒಂದೊಂದರ ಮೇಲೂ ಎಲೆ ಜಾರಿಸಿ ನೋಡಿದೆ. ಮಖಮಲ್ಲು ಎಲೆಯನ್ನು ತಬ್ಬಿ ಹಿಡಿದುಕೊಳ್ಳುತ್ತದೆ. ಸ್ಯಾಟಿನ್ನಿನ ಮೇಲೆ ರಾಣಿಯನ್ನು ಬಿಟ್ಟರೆ ಮಂಚದ ಕೆಳಗೆ ಸಿಗುತ್ತಾಳೆ. ಕೊನೆಗೆ ಗೆದ್ದದ್ದು ಕಡುನೀಲಿಯ ಉಣ್ಣೆಬಟ್ಟೆ, ನಿನ್ನ ಚಾಲಕಿಯ ಕೋಟಿಗೆ ತಂದದ್ದರಲ್ಲಿ ಉಳಿದದ್ದು. ಹಲಗೆ ಸಿದ್ಧವಾದಾಗ ಬಡಗಿಯಲ್ಲಿಗೆ ಹೋಗಿ ಅದನ್ನು ಹೊದಿಸಿ, ಅಡಿಯಲ್ಲಿ ತೆಳುವಾದ ಮೆತ್ತೆ ಹಾಕಿದ್ದೇನೆ. ಬರಿಯ ಹಲಗೆಯ ಮೇಲಿನ ಎಲೆಯನ್ನು ಮುದುಕರ ಉಗುರು ಎತ್ತಲಾರದು. ಸುತ್ತಲಿನ ಅಂಚಿಗೆ ಕೋಟಿನ ಭುಜಕ್ಕೆ ತುಂಬುವಂತೆ ಹತ್ತಿ ತುಂಬಿ ಹೊಲಿದಿದ್ದೇನೆ. ಈ ಮೇಜಿನ ಮೇಲೆ ಮೊಣಕೈ ಊರಿದವರು ಸೋತರೂ ಸುಖವಾಗಿ ಸೋಲುತ್ತಾರೆ.

ಇನ್ನು ಅಳತೆ. ಬಡಗಿಗೆ ಬಾಯಲ್ಲಿ ಹೇಳುವುದು ನನ್ನ ಜಾಯಮಾನವಲ್ಲವಾಗಿ, ಕಂದು ಕಾಗದದಲ್ಲಿ ಮೇಜಿನ ಪೂರ್ಣಪ್ರಮಾಣದ ನಕಲನ್ನು ಕತ್ತರಿಸಿ ಹಜಾರದ ನೆಲಕ್ಕೆ ಹಾಸಿದೆ. ಸುತ್ತಲೂ ನಾಲ್ಕು ಕುರ್ಚಿಯಿಟ್ಟೆ. ಬೇಕರಿಯವನನ್ನೂ ದಂತವೈದ್ಯೆಯನ್ನೂ ಕೂರಿಸಿ, ನೆಲದಿಂದ ಮೊಣಕೈವರೆಗೆ ಅಳೆದೆ. ನಡುವೆ ಮೇಜಿಲ್ಲದೆ, ಗಾಳಿಯಲ್ಲಿ ಎಲೆ ಹಿಡಿದು, ಇಬ್ಬರೂ ಗಂಭೀರವಾಗಿ ಕುಳಿತಿದ್ದರು. ಆ ಹೊತ್ತಿಗೆ, ನೀನು ಹೋದ ಮೇಲೆ ಬೇರೆ ಮನೆ ಮಾಡಿ ಆಟಕ್ಕೂ ಬಾರದಿದ್ದ ಮಗ ಒಳಗೆ ಬಂದ.

ಅವನ ವಿಷಯವನ್ನು ಈ ಕಾಗದದಲ್ಲಿ ತರಬಾರದೆಂದಿದ್ದೆ. ಆದರೆ ನೀನು ಬರಲು ಹಿಂಜರಿಯುತ್ತಿರುವುದು ಅವನಿಂದಲೇ ಆಗಿರುವಾಗ ಮುಚ್ಚಿಟ್ಟರೆ ಅದು ಆಟದ ಸುಳ್ಳಾಗದು, ಬರಿಯ ಸುಳ್ಳಾದೀತು.

ಕೆಲಸದಿಂದ ನೇರವಾಗಿ ಬಂದಿದ್ದ. ಲಿಫ್ಟು ದುರಸ್ತಿಯ ಗ್ರೀಸು ಕೈಯಿಂದ ಇನ್ನೂ ಹೋಗಿರಲಿಲ್ಲ. ಕಾಗದವನ್ನು ನೋಡಿ ನಕ್ಕ. ಬಹಳ ದಿನಗಳ ಮೇಲೆ ನಕ್ಕದ್ದು. ಆಮೇಲೆ ಕುರ್ಚಿಗಳನ್ನು ಎಣಿಸಿದ. “ನೀವು, ಬೇಕರಿ ಮಾಮ, ಡಾಕ್ಟ್ರು. ನಾಲ್ಕನೇದು ನನ್ನದಾ, ಅವಳದಾ?” ಎಂದ. ಬೇಕರಿಯವನು ಒಲೆಯಲ್ಲಿ ಬ್ರೆಡ್ಡು ಇದೆಯೆಂದು ಎದ್ದ. ಆ ವೇಳೆಯಲ್ಲಿ ಅವನ ಒಲೆ ತಣ್ಣಗಿರುತ್ತದೆಂದು ಬೀದಿಗೆಲ್ಲ ಗೊತ್ತು. ದಂತವೈದ್ಯೆಯೂ ಅವನ ಹಿಂದೆಯೇ ನಡೆದಳು.

“ಅವಳದು” ಎಂದೆ.

“ಅಪ್ಪಾ, ಅವಳು ಈಗ ನಿಮಗೆ ಏನಾಗ್ಬೇಕು? ನಾನು ನಿಮ್ಮ ಮಗ.”

“ನೀನು ವಾರದ ಏಳು ದಿನವೂ ನನ್ನ ಮಗ. ಅವಳಿಗೆ ನನ್ನ ಹತ್ತಿರ ಶನಿವಾರ ಒಂದೇ ಇರುವುದು” ಎಂದೆ. “ನೀವಿಬ್ಬರೂ ಒಂದೇ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂರುವುದನ್ನು ಒಂದು ವರ್ಷ ನೋಡಿದ್ದೇನೆ. ಇನ್ನೊಮ್ಮೆ ನೋಡಲಾರೆ. ಹಾಗಾಗಿ ಒಬ್ಬರನ್ನು ಕರೆಯಬೇಕು. ನಿನ್ನನ್ನು ಕರೆಯದೆಯೂ ನೀನು ಬರುತ್ತೀಯೆ.”

ಅವನು ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು. “ಸರಿ, ನೀವು ಆಡ್ಕೊಳ್ಳಿ” ಎಂದು, ಕಾಗದವನ್ನು ತುಳಿಯದಂತೆ ಗೋಡೆಯಂಚಿನಲ್ಲೇ ಹೆಜ್ಜೆಯಿಟ್ಟು ಹೋದ. ಆ ಮೇಲೆ ಬಂದಿಲ್ಲ. ಕರೆಯದೆಯೂ ಬರುತ್ತಾನೆಂಬ ನನ್ನ ಮಾತು ಸದ್ಯಕ್ಕೆ ಸುಳ್ಳಾಗಿದೆ. ಇದನ್ನು ನಿನ್ನ ಮೇಲೆ ಹೊರೆ ಹೊರಿಸಲು ಬರೆಯುತ್ತಿಲ್ಲ. ತೀರ್ಮಾನ ನನ್ನದು, ನೋವಿನಲ್ಲಿ ನನ್ನ ಪಾಲನ್ನೂ ನಾನೇ ಇಟ್ಟುಕೊಳ್ಳುತ್ತೇನೆ. ಅವನು ಕೆಟ್ಟವನಲ್ಲ, ನೀನೂ ಅಲ್ಲ. ಎರಡು ಒಳ್ಳೆಯ ಬಟ್ಟೆಗಳು ಒಗೆದಾಗ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗಿದರೆ ಹೊಲಿಗೆ ಸುಕ್ಕುಗಟ್ಟದೆ ಏನಾದೀತು?

ಈಗ ನಗುವ ಭಾಗಕ್ಕೆ ಬರುತ್ತೇನೆ. ನಿನ್ನೆ ಮೇಜು ಬಂದಿತು. ಬಡಗಿಯೂ ಅವನ ಜೊತೆಗಾರನೂ ಮೆಟ್ಟಿಲು ಹತ್ತಿಸಿ ತಂದು ನಮ್ಮ ಬಾಗಿಲ ಮುಂದೆ ನಿಲ್ಲಿಸಿದರು. ನೋಡಲು ಬಹಳ ಸುಂದರ. ಆದರೆ ಒಳಗೆ ಹೋಗಲಿಲ್ಲ. ಮಗ್ಗುಲಾಗಿಸಿದರು, ತಿರುಗಿಸಿದರು, ಕಾಲು ಮೊದಲು, ತಲೆ ಮೊದಲು. ಎಲ್ಲ ಬಗೆಯಲ್ಲೂ ಕಾಲುಗಳು ಚೌಕಟ್ಟಿಗೆ ತಾಗುತ್ತವೆ. ಬಡಗಿ ನನ್ನ ಚೀಟಿಯನ್ನು ತೆಗೆದು, “ನೀವು ಬರೆದುಕೊಟ್ಟಷ್ಟೇ ಉದ್ದ ಇಟ್ಟಿದೀನಿ ಯಜಮಾನ್ರೇ, ಒಂದು ದಾರದಷ್ಟೂ ಹೆಚ್ಚಿಲ್ಲ” ಎಂದ. ಅವನು ಹೇಳಿದ್ದು ನಿಜ. ಕಾಲಿನ ಉದ್ದವನ್ನು ಬರೆಯುವಾಗ ನನ್ನ ಕೈ, ಇಷ್ಟು ವರ್ಷಗಳ ಅಭ್ಯಾಸದಿಂದ, ಮಡಚಿ ಹೊಲಿಯಲು ಬೇಕಾಗುವಷ್ಟನ್ನು ತಾನಾಗಿ ಸೇರಿಸಿಬಿಟ್ಟಿತ್ತು. ಷರಾಯಿಗೆ ಬಿಡುವಂತೆ ನಾನು ಮೇಜಿನ ಕಾಲಿಗೂ ಅಂಚು ಬಿಟ್ಟಿದ್ದೇನೆ, ಮಗಳೇ. ಬೇಕರಿಯವನು ಮೆಟ್ಟಿಲ ಮೇಲೆ ಕುಳಿತು ಕಣ್ಣೀರು ಬರುವಷ್ಟು ನಕ್ಕ. “ಪರವಾಗಿಲ್ವೋ ಕತ್ರಿ, ಇನ್ನೂ ಬೆಳೆಯೋ ಮೇಜಿರ್ಬೇಕು” ಎಂದ. ಅಂಗಡಿಯ ಮೇಜು ಮಂಡಿಯೂರಿದ್ದನ್ನು ಕಂಡಿದ್ದ ನಾನು ಕಾಲುಗಳು ಎಂದಿಗೂ ಕದಲದಂತೆ ಬಿಗಿಯಬೇಕೆಂದು ಹೇಳಿದ್ದೆನಾಗಿ, ಅವನ್ನು ಬಿಚ್ಚುವಂತೆಯೂ ಇಲ್ಲ. ಬಡಗಿ ಬೇರೆಡೆ ಕೆಲಸವಿದೆಯೆಂದು ಹೊರಟುಹೋದ. ಗರಗಸ ಹಿಡಿಯಲು ನನಗೆ ಧೈರ್ಯವಿಲ್ಲ. ಬಟ್ಟೆಯಾದರೆ ತಪ್ಪಿ ಕತ್ತರಿಸಿದರೂ ತೇಪೆ ಹಾಕಬಹುದು.

ಹೀಗೆ ಮೇಜು ಈಗ ಬಾಗಿಲಾಚೆ, ಮೆಟ್ಟಿಲು ತಿರುಗುವ ಜಾಗದಲ್ಲಿ, ಹಳೆಯ ಹಾಸಿಗೆಹೊದಿಕೆ ಹೊದ್ದು ನಿಂತಿದೆ. ಮೇಲಿನವರೂ ಕೆಳಗಿನವರೂ ಅದನ್ನು ಬಳಸಿಕೊಂಡು ಹೋಗುತ್ತಾರೆ. ಹೊಸಿಲವರೆಗೆ ಬಂದು, ಒಳಗೆ ಬರಲೋ ಬೇಡವೋ ಎಂದು ನಿಂತವರ ಹಾಗೆ ಕಾಣುತ್ತದೆ. ರಾತ್ರಿ ಮಲಗುವ ಮುನ್ನ ಬಾಗಿಲು ತೆರೆದು ಒಮ್ಮೆ ನೋಡಿ ಬಂದೆ.

ಈಗ ನಿನ್ನ ಪ್ರಶ್ನೆಗೆ ಉತ್ತರ.

ಒಂದು ಕೋಟಿನಲ್ಲಿ ಬಹಳ ಹೊಲಿಗೆಗಳಿರುತ್ತವೆ. ಯಾವುದೋ ಕಾರಣಕ್ಕೆ ಒಂದನ್ನು ಬಿಚ್ಚಬೇಕಾಗಿ ಬಂದರೆ ಅದನ್ನು ಬಿಚ್ಚುತ್ತೇವೆ. ಮಿಕ್ಕವೂ ತಾವಾಗಿ ಬಿಚ್ಚಿಕೊಳ್ಳಬೇಕೆಂಬ ನಿಯಮವಿಲ್ಲ. ನ್ಯಾಯಾಲಯ ಬಿಚ್ಚಿದ್ದು ಗಂಡಹೆಂಡಿರ ನಡುವಿನ ಹೊಲಿಗೆಯನ್ನು. ನನಗೂ ನಿನಗೂ ನಡುವಿರುವುದನ್ನು ಬಿಚ್ಚಿಕೊಡಿರೆಂದು ಯಾರೂ ಅರ್ಜಿ ಹಾಕಿರಲಿಲ್ಲ. ನಾನಂತೂ ಹಾಕಿಲ್ಲ. ನೀನು ಹಾಕಿದ್ದರೆ ತಿಳಿಸು. ಮುದುಕನಾದರೂ ಅರ್ಥಮಾಡಿಕೊಳ್ಳುತ್ತೇನೆ, ಈ ಮೇಜನ್ನು ದಂತವೈದ್ಯೆಯ ಕಾಯುವ ಕೋಣೆಗೆ ಕೊಟ್ಟುಬಿಡುತ್ತೇನೆ. ಹಾಕಿಲ್ಲವಾದರೆ ಶನಿವಾರ ಬಾ. ‘ಮಾವ’ ಎಂದು ಕರೆಯಬೇಕೋ ಬೇಡವೋ ಎಂದು ಬಸ್ಸು ನಡೆಸುತ್ತ ಯೋಚಿಸಬೇಡ, ಅಪಾಯ. ಕರೆದರೆ ಓಗೊಡುತ್ತೇನೆ, ಅಷ್ಟೇ.

ಮೇಜು ಒಳಗೆ ಬಾರದಿದ್ದರೆ ಕುರ್ಚಿಗಳನ್ನು ಹೊರಗೆ ತಂದು ಮೆಟ್ಟಿಲ ಬಳಿಯೇ ಆಡುತ್ತೇವೆ. ದಂತವೈದ್ಯೆ ಆಗಲೇ ಒಪ್ಪಿದ್ದಾಳೆ. ಬೇಕರಿಯವನು ಬನ್ನು ತರುತ್ತಾನಂತೆ, ಹಳೆಯದಲ್ಲವಂತೆ.

ಇಂತಿ, ಇಂದಿಗೂ
ನಿನ್ನ ಮಾವ

ಮರೆತ ಮಾತು, ಶುಕ್ರವಾರ ಸಂಜೆ:

ನಾಳೆ ಮುಂಜಾನೆ ಬೇಕರಿಯವನ ಕೈಯಲ್ಲಿ ನಿನ್ನ ಬಸ್ಸಿಗೆ ಕಳಿಸಲೆಂದು ಲಕೋಟೆಗೆ ಅಂಟು ಹಚ್ಚುವ ಮೊದಲು ಬಾಗಿಲಾಚೆ ಗರಗಸದ ಸದ್ದು ಕೇಳಿತು. ದಂತವೈದ್ಯೆ ಮಗನಿಗೆ ಫೋನು ಮಾಡಿ ಹೇಳಿದ್ದಳಂತೆ. ಮಗ ಮೇಜನ್ನು ಬೋರಲು ಮಲಗಿಸಿ ಒಂದು ಕಾಲು ಕತ್ತರಿಸಿ ಮುಗಿಸಿದ್ದ. “ಪ್ಯಾಂಟಿಗೆ ಬಿಟ್ಟ ಹಾಗೆ ಬಿಟ್ಟಿದೀರಲ್ಲಪ್ಪಾ” ಎಂದ. ನಾಲ್ಕನ್ನೂ ಸಮನಾಗಿ ಕತ್ತರಿಸಿ, ಉಜ್ಜಿ, ಒಬ್ಬನೇ ಓರೆಮಾಡಿ ಒಳಗೆ ತಂದು ಹಜಾರದ ನಡುವೆ ನಿಲ್ಲಿಸಿದ. ನಾಲ್ಕು ಕಾಲುಗಳೂ ನೆಲಕ್ಕೆ ಕೂತಿವೆಯೆ ಎಂದು ಅಂಗೈಯಿಂದ ಒತ್ತುತ್ತ ಸುತ್ತಿ ಬಂದವನು ಒಂದೆಡೆ ನಿಂತುಬಿಟ್ಟ.

ನಿನಗೆ ಹೇಳದೆ ಉಳಿಸಿಕೊಂಡಿದ್ದ ಒಂದು ವಿಷಯವಿತ್ತು. ಲೋಟವಿಡುವ ಗುಳಿಯನ್ನು ಮೂವರಿಗೆ ಬಲಗಡೆ ಕೊರೆಸಿ, ಒಂದು ಸ್ಥಾನಕ್ಕೆ ಮಾತ್ರ ಎಡಗಡೆ ಕೊರೆಸಿದ್ದೆ. ಅಲ್ಲಿ ಎರಡು ಗುಳಿಗಳು ಒತ್ತಿನಲ್ಲೇ ಬರುತ್ತವೆ. ಬಡಗಿ ತಪ್ಪಾಯಿತೇ ಎಂದು ಎರಡು ಸಲ ಕೇಳಿದ್ದ. ಅಲ್ಲೇ ನಿಂತ ಮಗ ಕೇಳಲಿಲ್ಲ. ನಿನ್ನ ತಾಯಿಯ ಮೇಜಿನಲ್ಲಿ ಅವನು ನಿನ್ನ ಎಡಕ್ಕೆ ಕೂರುತ್ತಿದ್ದನಷ್ಟೆ. ಎಡಗೈಯಲ್ಲಿ ಲೋಟವೆತ್ತುವ ನಿನ್ನ ಕೈ ಅವನ ಬಲಗೈಗೆ ತಾಗಿ ಚಹಾ ಚೆಲ್ಲದ ಶನಿವಾರವೇ ಇರಲಿಲ್ಲ.

ಅಡುಗೆಮನೆಯಿಂದ ಲೋಟ ತುಂಬ ನೀರು ತಂದು ಎಡಗಡೆಯ ಆ ಗುಳಿಯಲ್ಲಿಟ್ಟ. ಬೆರಳಿನಿಂದ ಮೆಲ್ಲಗೆ ತಳ್ಳಿದ. ಲೋಟ ಅಲುಗಾಡಿತು. ಉಳಿದ ನೀಲಿ ಬಟ್ಟೆಯ ಚೂರೊಂದನ್ನು ಕೇಳಿ ಪಡೆದು, ಪಟ್ಟಿ ಕತ್ತರಿಸಿ, ಗುಳಿಯ ಒಳಸುತ್ತಿಗೆ ಅಂಟಿಸಿ, ಲೋಟವನ್ನು ಮತ್ತೆ ಇಟ್ಟು ತಳ್ಳಿ ನೋಡಿದ.

“ಇನ್ನು ಚೆಲ್ಲಲ್ಲ ಬಿಡಿ” ಎಂದ. ಭಾನುವಾರ ಬರುತ್ತೇನೆಂದು ಹೇಳಿ ಹೋದ.